ಗೆರೆ ಎಳೆದವಳು

ಶನಿವಾರದ ಕನ್ನಡ ತರಗತಿ ಮುಗಿದಿತ್ತು. ಮಕ್ಕಳು ಶಾಲೆಯ ಮೈದಾನಕ್ಕೆ ಓಡಿದ್ದರು. ಸಭಾಂಗಣದೊಳಗೆ ದೊಡ್ಡವರು ಕಾಗದದ ತಟ್ಟೆಗಳಲ್ಲಿ ಬಿಸಿಬೇಳೆಬಾತ್ ಹಾಕಿಸಿಕೊಂಡು ಅಲ್ಲಲ್ಲಿ ಗುಂಪಾಗಿ ನಿಂತಿದ್ದರು. ಡಿಸೆಂಬರಿಗೆ ಊರಿಗೆ ಹೋಗುವವರು ಯಾರು, ಯಾರ ಅತ್ತೆಗೆ ವೀಸಾ ಬಂತು, ಮಳೆಗೆ ಯಾರ ಮನೆಯ ಹಿತ್ತಲಿನ ಮರದ ಡೆಕ್ ಹಾಳಾಯಿತು ಎಂಬ ಮಾತು ನಡೆದಿದ್ದಾಗ ವಾಸುದೇವ್ ಸುರುಳಿ ಸುತ್ತಿದ ದೊಡ್ಡ ಹಾಳೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಉಪ್ಪಿನಕಾಯಿ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು.

"ತಟ್ಟೆಗಳನ್ನ ಸ್ವಲ್ಪ ಆಕಡೆ ಹಿಡ್ಕೊಳ್ಳಿ. ಇದರ ಮೇಲೆ ಏನಾದ್ರೂ ಚೆಲ್ಲಿದ್ರೆ ನಮ್ಮ ಬೀದೀನೇ ಕಾಣಲ್ಲ."

ವಾಸುದೇವ್ ಆಕ್ಲೆಂಡ್ ನಗರದ ಮೌಂಟ್ ರಾಸ್ಕಿಲ್‌ನ ಈ ಪುಟ್ಟ ಕನ್ನಡ ಸಂಘದ ಅಧ್ಯಕ್ಷರು. ಸೇತುವೆಗಳ ಇಂಜಿನಿಯರಾಗಿ ಮೈಸೂರಿನಿಂದ ಬಂದು ಇಲ್ಲೇ ನಿವೃತ್ತರಾದವರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಾಗಿಲಲ್ಲಿ ಕಾಣಿಸುವವರು ಅವರೇ, ಯಾರ ಮಗುವಿನ ನಾಮಕರಣವನ್ನೂ ತಪ್ಪಿಸದವರೂ ಅವರೇ. ಹಾಗಾಗಿ ಅವರು ಕರೆದರೆ ಜನ ಸೇರುತ್ತಿದ್ದರು.

ಹಾಳೆಯಲ್ಲಿದ್ದದ್ದು ಸಂಸತ್ತಿನ ಚುನಾವಣಾ ಕ್ಷೇತ್ರಗಳ ಹೊಸ ನಕ್ಷೆ. ಜನಗಣತಿಯಾದ ಮೇಲೆ ಕ್ಷೇತ್ರಗಳ ಗಡಿಯನ್ನು ಮತ್ತೆ ಗುರುತಿಸುವ ಆಯೋಗ ತನ್ನ ಪ್ರಸ್ತಾವವನ್ನು ಪ್ರಕಟಿಸಿ, ಆಕ್ಷೇಪಣೆ ಇದ್ದವರು ಬರೆದು ಕಳಿಸಬಹುದು ಎಂದಿತ್ತು. ಕೆಂಪು ಗೆರೆಯೊಂದು ಕೀಟಿಂಗ್ ರೋಡಿನ ನಟ್ಟನಡುವೆ ಇಳಿದುಬಂದಿತ್ತು. ರಸ್ತೆಯ ಪೂರ್ವಕ್ಕಿದ್ದವರು ಈಗಿನ ಕ್ಷೇತ್ರದಲ್ಲೇ ಉಳಿಯುವವರು. ಪಶ್ಚಿಮಕ್ಕಿದ್ದವರು ನ್ಯೂ ಲಿನ್ ಕಡೆಯ ಕ್ಷೇತ್ರಕ್ಕೆ ಹೋಗುವವರು.

"ದೇವಸ್ಥಾನ ಈಕಡೆ, ದೇವಸ್ಥಾನಕ್ಕೆ ಹೋಗೋರ ಮನೆಗಳು ಆಕಡೆ," ವಾಸುದೇವ್ ಬೆರಳಿಟ್ಟು ತೋರಿಸಿದರು. "ನಮ್ಮೋರು, ಗುಜರಾತಿಗಳು, ತಮಿಳರು, ಫಿಜಿ ಇಂಡಿಯನ್ನರು, ಎಲ್ಲ ಸೇರಿ ಈ ಒಂದು ಜಾಗದಲ್ಲಿ ನಾವು ಲೆಕ್ಕಕ್ಕೆ ಬರೋ ಹಾಗಿದೀವಿ. ಎರಡಾಗಿ ಸೀಳಿದ್ರೆ ಅಲ್ಲೂ ಬಾಲ, ಇಲ್ಲೂ ಬಾಲ. ಎಲೆಕ್ಷನ್ ಬಂದ್ರೆ ಕ್ಯಾಂಡಿಡೇಟುಗಳು ಬರ್ತಾರೆ, ಹಾರ ಹಾಕಿಸ್ಕೋತಾರೆ, ದೋಸೆ ತಿಂದು ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಮಂಜುನಾಥನ ಡೈರಿಗೆ ಕಾರು ನುಗ್ಗಿಸಿದಾಗ ಯಾರು ಬಂದ್ರು?"

ಕೀಟಿಂಗ್ ರೋಡಿನ ಮೂಲೆಯಲ್ಲಿ ಹಾಲು, ಬ್ರೆಡ್ಡು, ಸಿಗರೇಟು ಮಾರುವ ಚಿಕ್ಕ ಅಂಗಡಿ ಮಂಜುನಾಥನದು. ಇಲ್ಲಿ ಅಂಥ ಅಂಗಡಿಗೆ ಡೈರಿ ಎನ್ನುತ್ತಾರೆ. ಹಿಂದಿನ ಚಳಿಗಾಲದಲ್ಲಿ ಯಾರೋ ಕದ್ದ ಕಾರನ್ನು ಅದರ ಮುಂಬಾಗಿಲಿಗೆ ಗುದ್ದಿಸಿ ಸಿಗರೇಟು ದೋಚಿದ್ದರು. ಹೆಸರು ಕೇಳಿ ಮಂಜುನಾಥ ತಟ್ಟೆಯಿಂದ ತಲೆ ಎತ್ತಿದ.

"ಆ ಹಳ್ಳದ ದಂಡೆ ಮನೆಗಳ ಹುಡುಗರೇ ಅದನ್ನ ಮಾಡಿದ್ದು ಅಂತಾರೆ," ಎಂದ ಸಂಘದ ಕಾರ್ಯದರ್ಶಿ ವಿವೇಕ್.

"ಯಾರಂತಾರೆ?" ಮಂಜುನಾಥ ಕೇಳಿದ.

"ಎಲ್ರೂ ಅಂತಾರೆ."

ಮಂಜುನಾಥ ಇನ್ನೇನೋ ಹೇಳಲು ಹೊರಟವನು ಸುಮ್ಮನಾದ.

"ಅದು ಬಿಡಿ," ಎಂದರು ವಾಸುದೇವ್. "ಇಲ್ಲಿನ ಮೂಲನಿವಾಸಿ ಮಾವೊರಿಗಳಿಗೆ ಅವರದೇ ಕ್ಷೇತ್ರಗಳಿವೆ. ಅದು ಅವರ ನೆಲ, ಅದು ಸರೀನೇ. ನಾನೇನೂ ನಮಗೂ ಬೇರೆ ಸೀಟು ಕೊಡಿ ಅಂತ ಕೇಳ್ತಿಲ್ಲ. ಇರೋದನ್ನ ಒಡೀಬೇಡಿ ಅಂತ ಕೇಳ್ತಿದೀನಿ, ಅಷ್ಟೆ. ಆದ್ರೆ ಬರೀ ಬೇಡ ಅಂದ್ರೆ ಆಯೋಗದೋರು ಒಪ್ಪಲ್ಲ. ಬದಲಿ ನಕ್ಷೆ ನಾವೇ ಕೊಡ್ಬೇಕು. ಹರ್ಷಿಣಿ, ಇದು ನಿನ್ನಿಂದಾನೇ ಆಗ್ಬೇಕಾದ ಕೆಲಸ."

ಎಲ್ಲರೂ ಹರ್ಷಿಣಿಯ ಕಡೆ ತಿರುಗಿದರು. ಅವಳು ಸಾರಿಗೆ ಯೋಜನೆಯ ಕಂಪನಿಯೊಂದರಲ್ಲಿ ಇಂಜಿನಿಯರು. ಯಾವ ಬಡಾವಣೆಯ ಜನ ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ, ಯಾವ ಬಸ್ಸು ಎಲ್ಲಿ ತಿರುಗಬೇಕು ಎಂದು ಕಂಡುಹಿಡಿಯುವುದೇ ಅವಳ ದಿನದ ಕೆಲಸ. ಇಷ್ಟು ದೊಡ್ಡವರು ಎಲ್ಲರೆದುರು ಕೇಳಿದ್ದು ಅವಳಿಗೆ ಸಂತೋಷವನ್ನೇ ಕೊಟ್ಟಿತು.

"ಮಾಡ್ತೀನಿ ಅಂಕಲ್," ಎಂದಳು.

ಕೆಲಸ ಅವಳು ಎಣಿಸಿದ್ದಕ್ಕಿಂತ ಕಷ್ಟದ್ದಾಗಿತ್ತು. ಎಲ್ಲ ಕ್ಷೇತ್ರಗಳ ಜನಸಂಖ್ಯೆಯೂ ಹೆಚ್ಚುಕಡಿಮೆ ಸಮನಾಗಿರಬೇಕೆಂದು ಕಾನೂನು; ಶೇಕಡಾ ಐದಕ್ಕಿಂತ ಆಚೀಚೆ ಹೋಗುವಂತಿಲ್ಲ. ಕೀಟಿಂಗ್ ರೋಡಿನ ಪಶ್ಚಿಮದ ಮನೆಗಳನ್ನು ಮತ್ತೆ ಒಳಗೆ ತಂದರೆ ಬೇರೆ ಯಾರನ್ನಾದರೂ ಅಷ್ಟೇ ಮಂದಿಯನ್ನು ಹೊರಗೆ ಕಳಿಸಲೇಬೇಕಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹರ್ಷಿಣಿ ಗೆರೆಯನ್ನು ಆ ಬೀದಿಗೂ ಈ ಬೀದಿಗೂ ಸರಿಸುತ್ತ ಸಂಜೆಗಳನ್ನು ಕಳೆದಳು. ಕೊನೆಗೆ ಒಂದು ದಾರಿ ಸಿಕ್ಕಿತು. ದಕ್ಷಿಣದಲ್ಲಿ ಹಳ್ಳವೊಂದು ಹರಿಯುತ್ತಿತ್ತು. ಅದರ ದಂಡೆಯ ಸರ್ಕಾರಿ ಬಾಡಿಗೆ ಮನೆಗಳನ್ನೆಲ್ಲ ಒನೆಹುಂಗಾ ಕಡೆಯ ಕ್ಷೇತ್ರಕ್ಕೆ ಸೇರಿಸಿದರೆ ಲೆಕ್ಕ ಸರಿಹೋಗುತ್ತಿತ್ತು. ಅಷ್ಟೇ ಅಲ್ಲ, ಉಳಿದ ಕ್ಷೇತ್ರದಲ್ಲಿ ಭಾರತೀಯರ ಪಾಲು ಮೊದಲಿಗಿಂತ ಹೆಚ್ಚುತ್ತಿತ್ತು.

"ನೋಡು, ಎಷ್ಟು ಚೆನ್ನಾಗಿ ಕೂತ್ಕೊಂಡಿದೆ," ಎಂದು ಗಂಡ ಯಶಸ್‌ನನ್ನು ಕರೆದಳು. ಅವನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದ. ಬಗ್ಗಿ ನೋಡಿದ.

"ಹಳ್ಳದ ಕಡೆಯೋರು ಹೊರಗೆ ಹೋಗ್ತಾರಾ?"

"ಯಾರಾದ್ರೂ ಹೋಗ್ಲೇಬೇಕಲ್ಲ. ಅವರಿಗೆ ಒನೆಹುಂಗಾ ಹತ್ತಿರ."

"ಹತ್ತಿರಾನಾ? ನಮ್ಮ ಅಂಗಡಿಗೇ ಬರ್ತಾರಲ್ಲ ಎಲ್ಲರೂ," ಎಂದ ಅವನು. ಹರ್ಷಿಣಿಗೆ ಆ ಮಾತು ಕೇಳಿಸಿತು, ಆದರೆ ಕಿವಿಯಲ್ಲಿ ನಿಲ್ಲಲಿಲ್ಲ. ಅವಳು ಆಗ ಆಕ್ಷೇಪಣೆಯ ಒಕ್ಕಣೆಯನ್ನು ತಿದ್ದುತ್ತಿದ್ದಳು. ಒಂದೇ ಸಮುದಾಯದ ಜನರನ್ನು ಒಡೆಯಬಾರದು ಎಂಬುದು ಅದರ ಮೊದಲರ್ಧ. ಎರಡನೆಯ ಅರ್ಧದಲ್ಲಿ ಒಂದು ವಾಕ್ಯ ಬೇಕಿತ್ತು, ಬರೆದಳು: 'ಹಳ್ಳದ ದಂಡೆಯ ನಿವಾಸಿಗಳಿಗೆ ಒನೆಹುಂಗಾದೊಂದಿಗೆ ಸಹಜವಾದ ಸಂಬಂಧಗಳಿವೆ.'

ಮುಂದಿನ ಶನಿವಾರ ಸಭಾಂಗಣದಲ್ಲಿ ನಕ್ಷೆಯನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ವಾಸುದೇವ್ ಅವಳ ತಲೆ ಮುಟ್ಟಿ, "ಮೈಸೂರಿನ ಹೆಸರು ಉಳಿಸಿದೆ ಕಣಮ್ಮ," ಎಂದರು. ಆಯೋಗದೆದುರು ವಿಚಾರಣೆ ನಡೆಯುವ ದಿನ ಸಂಘದ ಪರವಾಗಿ ಅವಳೇ ಮಾತಾಡುವುದೆಂದೂ ತೀರ್ಮಾನವಾಯಿತು.

ಬಂದ ಆಕ್ಷೇಪಣೆಗಳನ್ನೆಲ್ಲ ಆಯೋಗ ಸಾರ್ವಜನಿಕರಿಗೆ ಪ್ರಕಟಿಸುತ್ತದೆ; ಅವುಗಳಿಗೆ ಯಾರು ಬೇಕಾದರೂ ಪ್ರತಿ-ಆಕ್ಷೇಪಣೆ ಬರೆಯಬಹುದು. ಇದು ಹರ್ಷಿಣಿಗೆ ಗೊತ್ತಿತ್ತು. ಆದರೆ ಅದನ್ನು ಓದುವವರು ಯಾರು ಎಂದು ಅವಳು ಯೋಚಿಸಿರಲಿಲ್ಲ.

ಅವಳ ಮಗಳು ಶ್ರೀರಕ್ಷಾ ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಇರುತ್ತಿದ್ದದ್ದು ಮೆಲೆಯ ಬಳಿ. ಹಳ್ಳದ ಪಕ್ಕದ ಟೋಂಗನ್ ಚರ್ಚಿನ ಹಿಂದಿನ ಕೋಣೆಯಲ್ಲಿ ಮೆಲೆ ಸುತ್ತಲಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು: ಹೋಮ್‌ವರ್ಕ್ ಮಾಡಿಸುವುದು, ಟೋಸ್ಟ್ ಕೊಡುವುದು, ಜಗಳ ಬಿಡಿಸುವುದು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅವಳ ತಂದೆತಾಯಿ ಟೋಂಗಾ ದ್ವೀಪದಿಂದ ಬಂದು ಹಳ್ಳದ ದಂಡೆಯಲ್ಲಿ ನೆಲೆಸಿದ್ದರು. ಅವಳು ಹುಟ್ಟಿದ್ದು, ಬೆಳೆದದ್ದು ಅಲ್ಲೇ. ಹರ್ಷಿಣಿಗೆ ಕೆಲಸದಲ್ಲಿ ತಡವಾದರೆ ಶ್ರೀರಕ್ಷಾಳ ಊಟವೂ ಅಲ್ಲೇ ಆಗಿರುತ್ತಿತ್ತು.

ಆ ಸಂಜೆ ಹರ್ಷಿಣಿ ಮಗಳನ್ನು ಕರೆದೊಯ್ಯಲು ಹೋದಾಗ ಮೆಲೆ ಬಾಗಿಲಲ್ಲೇ ನಿಂತಿದ್ದಳು.

"ಮಮ್, ಫೈವ್ ಮೋರ್ ಮಿನಿಟ್ಸ್," ಎಂದು ಒಳಗಿನಿಂದ ಶ್ರೀರಕ್ಷಾ ಕೂಗಿದಳು.

"ಆಟ ಆಡಲಿ ಬಿಡು," ಎಂದಳು ಮೆಲೆ ಇಂಗ್ಲಿಷಿನಲ್ಲಿ. "ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬಾ."

ಚರ್ಚಿನ ಹಿತ್ತಲಿನಿಂದ ಹಳ್ಳ ಕಾಣುತ್ತಿತ್ತು. ಬೇಸಿಗೆಯ ಹಳ್ಳ, ಪಾದ ಮುಳುಗುವಷ್ಟು ನೀರು. ಅದರಾಚೆ ಸಾಲು ಮನೆಗಳು. ಮೂರು ಮನೆಗಳ ಕಿಟಕಿಗೆ ಹಲಗೆ ಹೊಡೆದಿತ್ತು. ಹಿಂದೊಂದು ಬೇಸಿಗೆಯಲ್ಲಿ ಸುರಿದ ಮಳೆಗೆ ಆಕ್ಲೆಂಡಿಗೆ ಆಕ್ಲೆಂಡೇ ಮುಳುಗಿದಾಗ ಇದೇ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತ್ತು. ಮೆಲೆ ಫೋನು ತೆಗೆದು ಹರ್ಷಿಣಿಯ ಕೈಗೆ ಕೊಟ್ಟಳು. ಪರದೆಯ ಮೇಲೆ ಹರ್ಷಿಣಿಯದೇ ನಕ್ಷೆ ಇತ್ತು, ಕೆಳಗೆ ಅವಳ ಹೆಸರು.

"ಅಚ್ಚುಕಟ್ಟಾಗಿ ಮಾಡಿದ್ದೀಯ. ನೋಡಿದ ಕೂಡಲೇ ನಿನ್ನ ಕೆಲಸ ಅಂತ ಗೊತ್ತಾಯಿತು," ಎಂದಳು ಮೆಲೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹರ್ಷಿಣಿಗೆ ಹೆಚ್ಚು ಕಷ್ಟವಾಯಿತು. "ನಾವು ಇದಕ್ಕೆ ಪ್ರತಿ-ಆಕ್ಷೇಪಣೆ ಬರೆಯುತ್ತಿದ್ದೇವೆ. ನೀನು ಅದನ್ನು ಬೇರೆ ಕಡೆ ಓದುವ ಮೊದಲು ನನ್ನ ಬಾಯಿಂದಲೇ ಕೇಳಬೇಕು ಎಂದು ಕರೆದೆ."

"ಮೆಲೆ, ನಮ್ಮ ಉದ್ದೇಶ ನಿಮ್ಮನ್ನು..."

"ಉದ್ದೇಶ ಗೊತ್ತು. ನಿಮ್ಮವರನ್ನು ಒಡೆಯಬಾರದು, ಅದು ನ್ಯಾಯ. ಆದರೆ ಈ ಹಳ್ಳಕ್ಕೆ ನೀರು ಬರುವುದು ಮೇಲಿನ ಬೀದಿಗಳಿಂದ. ಅಲ್ಲಿ ಕಾಲುವೆ ಅಗಲ ಮಾಡಿ, ನೀರು ಹಿಡಿಯುವ ಹೊಂಡ ತೋಡಿ ಎಂದು ನಾವು ಅಂದಿನಿಂದ ಕೇಳುತ್ತಿದ್ದೇವೆ. ಈಗಿನ ಸಂಸದರ ಬೆನ್ನು ಹತ್ತಿ ಹತ್ತಿ ಕೆಲಸ ಇನ್ನೇನು ಶುರುವಾಗಬೇಕು. ನಿನ್ನ ಗೆರೆ ಬಿದ್ದರೆ ನೀರು ಒಂದು ಕ್ಷೇತ್ರದ್ದು, ಮುಳುಗುವವರು ಇನ್ನೊಂದು ಕ್ಷೇತ್ರದವರು. ಇಬ್ಬರು ಸಂಸದರೂ ಇದು ನನ್ನದಲ್ಲ ಎನ್ನುತ್ತಾರೆ."

ಹರ್ಷಿಣಿ ತಲೆ ಎತ್ತಿ ಮೇಲಿನ ಬೀದಿಗಳ ಕಡೆ ನೋಡಿದಳು.

"ಒಂದೇ ಒಂದು ಪ್ರಶ್ನೆ," ಮೆಲೆ ಪರದೆಯನ್ನು ಬೆರಳಿಂದ ಸರಿಸಿ ಒಂದು ವಾಕ್ಯ ತೋರಿಸಿದಳು. "ನಮಗೆ ಒನೆಹುಂಗಾದ ಜೊತೆ ಸಹಜ ಸಂಬಂಧ ಇದೆ ಎಂದು ಬರೆದಿದ್ದೀಯ. ಯಾರನ್ನು ಕೇಳಿ ಬರೆದೆ?"

ಮಕ್ಕಳ ಗದ್ದಲ ಗೋಡೆಯಾಚೆ ಕೇಳುತ್ತಿತ್ತು. ಹರ್ಷಿಣಿ ಫೋನನ್ನು ಹಿಂದಿರುಗಿಸಿದಳು.

"ಯಾರನ್ನೂ ಕೇಳಲಿಲ್ಲ," ಎಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಮನಸ್ಸು ಆ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿತ್ತು. ವಾರಕ್ಕೆ ಐದು ದಿನ ಅವಳು ಆ ಹೆಂಗಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕೇಳಬೇಕೆಂದಿದ್ದರೆ ಒಂದು ಮಾತು ಸಾಕಾಗಿತ್ತು. ಕೇಳಬೇಕೆಂದು ಅನ್ನಿಸಿಯೇ ಇರಲಿಲ್ಲ.

ಅವಳಿಗೆ ಮೈಸೂರಿನ ತಮ್ಮ ಬಡಾವಣೆಯ ನೆನಪಾಯಿತು. ಅವಳು ಕಾಲೇಜಿನಲ್ಲಿದ್ದಾಗ ನಗರಪಾಲಿಕೆಯ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿ, ಹಿಂಬದಿಯ ಪೌರಕಾರ್ಮಿಕರ ಕಾಲೋನಿಯನ್ನು ಬೇರೆ ವಾರ್ಡಿಗೆ ಹಾಕಿದ್ದರು. ಬಡಾವಣೆಗೆ ಹೊಸ ನೀರಿನ ಪೈಪು ಬಂದಿತು. ಕಾಲೋನಿಯ ಗೋಡೆಯ ಹತ್ತಿರ ನಿಂತಿತು. ಕಾಲೋನಿಯ ಹೆಂಗಸರು ಕೊಡ ಹಿಡಿದು ಕಾರ್ಪೊರೇಟರ ಮನೆಗೆ ಹೋದಾಗ, "ಅದು ನನ್ನ ವಾರ್ಡಲ್ಲಮ್ಮ," ಎಂದು ಅವರು ಕೈ ಅಲ್ಲಾಡಿಸಿದ್ದನ್ನು ಹರ್ಷಿಣಿ ತಮ್ಮ ಮನೆಯ ಗೇಟಿನಿಂದ ನೋಡಿದ್ದಳು. ಆ ಗೆರೆಯನ್ನು ಎಳೆದವರೂ ತನ್ನಂತೆಯೇ ಯಾರೋ ಮೇಜಿನ ಮುಂದೆ ಕೂತು, ಲೆಕ್ಕ ಸರಿಹೋಯಿತೆಂದು ಖುಷಿಪಟ್ಟವರಿರಬೇಕು ಎಂದು ಈಗ ಅನ್ನಿಸಿತು.

"ಏನು ಮಾಡ್ತೀಯ?" ಮನೆಯಲ್ಲಿ ಅವಳು ಎಲ್ಲ ಹೇಳಿ ಮುಗಿಸಿದಾಗ ಯಶಸ್ ಕೇಳಿದ.

"ಬೇರೆ ಗೆರೆ ಹುಡುಕ್ತೀನಿ."

ಈ ಸಲ ಅವಳು ಯಾರು ಯಾವ ಜನಾಂಗದವರು ಎಂಬ ಅಂಕಿಗಳನ್ನು ಮುಚ್ಚಿಟ್ಟು, ತನಗೆ ಚೆನ್ನಾಗಿ ಗೊತ್ತಿದ್ದ ಬೇರೆ ಅಂಕಿಗಳನ್ನು ತೆರೆದಳು: ಯಾವ ಬೀದಿಯ ಜನ ಬಸ್ಸು ಹತ್ತಿ ಎಲ್ಲಿ ಇಳಿಯುತ್ತಾರೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ. ಹಳ್ಳದ ದಂಡೆಯವರೂ ಕೀಟಿಂಗ್ ರೋಡಿನ ಎರಡೂ ಬದಿಯವರೂ ಒಂದೇ ಬಸ್ಸಿನಲ್ಲಿ ಒಂದೇ ಕಡೆ ಹೋಗುತ್ತಿದ್ದರು. ಬೇರೆ ದಿಕ್ಕಿಗೆ ಹೋಗುತ್ತಿದ್ದವರು ಉತ್ತರದ ಇಳಿಜಾರಿನವರು. ಅಲ್ಲಿ ದೊಡ್ಡ ಮನೆಗಳು, ಹಳೆಯ ಮರಗಳು. ಅವರ ಶಾಲೆ, ಅಂಗಡಿ, ವೈದ್ಯರು ಎಲ್ಲ ಗುಡ್ಡದ ಆಚೆಗೆ. ಇಳಿಜಾರನ್ನು ಉತ್ತರದ ಕ್ಷೇತ್ರಕ್ಕೆ ಬಿಟ್ಟರೆ ಕೀಟಿಂಗ್ ರೋಡೂ ಒಡೆಯುತ್ತಿರಲಿಲ್ಲ, ಹಳ್ಳವೂ ಒಡೆಯುತ್ತಿರಲಿಲ್ಲ. ಭಾರತೀಯರ ಪಾಲು ಮಾತ್ರ ಅವಳ ಮೊದಲ ನಕ್ಷೆಯಷ್ಟು ಹೆಚ್ಚುತ್ತಿರಲಿಲ್ಲ, ಈಗಿದ್ದಷ್ಟೇ ಇರುತ್ತಿತ್ತು.

ಇನ್ನೊಂದು ತೊಡಕಿತ್ತು. ವಾಸುದೇವರ ಮನೆ ಇದ್ದದ್ದು ಅದೇ ಇಳಿಜಾರಿನಲ್ಲಿ.

ಭಾನುವಾರ ಬೆಳಿಗ್ಗೆ ಅವಳು ಅವರ ಮನೆಗೆ ಹೋದಳು. ವಾಸುದೇವರ ಹೆಂಡತಿ ಸುಶೀಲಾ ಫಿಲ್ಟರ್ ಕಾಫಿ ತಂದಿಟ್ಟು ತಾವೂ ಕುಳಿತರು. ವಾಸುದೇವ್ ಹೊಸ ನಕ್ಷೆಯನ್ನು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ನನ್ನನ್ನೇ ಹೊರಗೆ ಹಾಕಿದೀಯಲ್ಲಮ್ಮ."

"ಹೌದು ಅಂಕಲ್."

"ಈ ಸಂಘ ಕಟ್ಟಿದ್ದು ನಾನು. ಆ ಹಾಲ್‌ನಲ್ಲಿ ಮೊದಲನೇ ಗಣೇಶನ್ನ ಕೂರಿಸಿದ್ದು ನಾನು. ಅಲ್ಲಿ ನಮ್ಮೋರೊಬ್ಬರು ಎಂಪಿ ಆಗ್ಲಿ ಅಂತ ಎಷ್ಟು ವರ್ಷದಿಂದ ಓಡಾಡ್ತಿದೀನಿ, ನಿನಗೇ ಗೊತ್ತು. ಈಗ ಅವತ್ತು ಓಟು ಹಾಕೋಕೂ ನನಗೆ ಅಲ್ಲಿ ಹಕ್ಕಿರಲ್ಲ ಅಂತೀಯ."

"ಅಂಕಲ್, ನಾನು ಆ ಹಳ್ಳದೋರ ಬಗ್ಗೆ ಬರೆದದ್ದು ಸುಳ್ಳು. ಅವರಿಗೆ ಒನೆಹುಂಗಾ ಸಂಬಂಧಾನೇ ಇಲ್ಲ. ನನಗೆ ಬೇಕಿತ್ತು ಅಂತ ಬರೆದೆ."

"ಎಲ್ರೂ ಹಾಗೇ ಬರೀತಾರೆ. ಪಾರ್ಟಿಗಳು ಬರೆಯಲ್ವಾ? ನಾವೊಬ್ರೇ ಸತ್ಯಹರಿಶ್ಚಂದ್ರ ಆಗ್ಬೇಕಾ?" ಅವರ ದನಿ ಏರಿತು. "ನಾನು ಬಂದಾಗ ಇಲ್ಲಿ ನನ್ನ ಹೆಸರು ಹೇಳೋಕೆ ಬರ್ತಿರಲಿಲ್ಲ ಯಾರಿಗೂ. ವಾಸು ಅಂತ ಕರೆಯೋಕೂ ಬರದೆ ವಾಝ್ ಅಂದ್ರು. ಬೇರೆಯವರು ಕಟ್ಟಿದ ಸೇತುವೆ ಉದ್ಘಾಟನೆಗೆ ಎಂಪಿ ಬಂದ್ರೆ ಅವರನ್ನ ಹೆಸರು ಹಿಡಿದು ಮಾತಾಡಿಸೋರು; ನಾನು ಕಟ್ಟಿದ್ದಕ್ಕೆ ಬಂದಾಗ, ನೀನು ಯಾವ ದೇಶದೋನು ಅಂತ ಕೇಳಿದ್ರು. ಸಂಖ್ಯೆ ಇದ್ರೆ ಮಾತ್ರ ಇಲ್ಲಿ ಕಿವಿ ಇರುತ್ತೆ. ಅದು ನನಗೆ ಜೀವನ ಕಲಿಸಿದ್ದು."

ಅದು ಸುಳ್ಳಲ್ಲ ಎಂದು ಹರ್ಷಿಣಿಗೆ ಗೊತ್ತಿತ್ತು. "ಆ ಸಂಖ್ಯೆ ಅವರಿಗೂ ಬೇಕಲ್ಲ ಅಂಕಲ್," ಎಂದಳು ಮೆಲ್ಲಗೆ.

ಸುಶೀಲಾ ಕಾಫಿ ಲೋಟ ಕೆಳಗಿಟ್ಟರು. "ಈ ಮನೆ ತಗೊಂಡಿದ್ದೇ ಆ ಗುಡ್ಡದಾಚೆ ಶಾಲೆಗೆ ಸೀಟು ಸಿಗೋ ಜೋನ್‌ಗೆ ಸೇರುತ್ತೆ ಅಂತ," ಎಂದರು ಗಂಡನ ಕಡೆ ನೋಡದೆ. "ಮಕ್ಕಳು ಕೆಳಗಿನ ಶಾಲೆಗೆ ಹೋಗೋದು ಬೇಡ ಅಂತ ನೀವೇ ಹೇಳಿದ್ರಿ."

ವಾಸುದೇವ್ ಹೆಂಡತಿಯತ್ತ ಒಮ್ಮೆ ನೋಡಿ, ನಕ್ಷೆಯನ್ನು ಮಡಿಚಿ ಹರ್ಷಿಣಿಗೆ ಹಿಂದಿರುಗಿಸಿದರು.

"ನಿನ್ನ ಹೆಸರಲ್ಲಿ ಏನು ಬೇಕಾದ್ರೂ ಮಾಡಮ್ಮ. ಸಂಘದ ಹೆಸರಲ್ಲಿ ಬೇಡ. ವಿಚಾರಣೆ ದಿನ ನಾನೇ ಮಾತಾಡ್ತೀನಿ."

ಹರ್ಷಿಣಿ ಅಲ್ಲಿಂದ ನೇರವಾಗಿ ಮೆಲೆಯ ಮನೆಗೆ ಹೋದಳು. ಚರ್ಚಿನಿಂದ ಆಗಷ್ಟೇ ಬಂದ ಮೆಲೆ, ಬಿಳಿ ಉಡುಪಿನಲ್ಲೇ ಅಡುಗೆಮನೆಯ ಮೇಜಿನ ಮುಂದೆ ಕೂತು ಹೊಸ ನಕ್ಷೆಯ ವಿಷಯ ಕೇಳಿ ತಿಳಿದುಕೊಂಡಳು.

"ನಮ್ಮಲ್ಲೂ ಕೆಲವರು ಹೇಳಿದರು, ಅವರು ನಮ್ಮನ್ನು ತಳ್ಳಿದರೆ ನಾವು ಅವರನ್ನು ತಳ್ಳೋಣ ಅಂತ. ಕೀಟಿಂಗ್ ರೋಡ್ ನ್ಯೂ ಲಿನ್‌ಗೆ ಹೋದರೆ ನಮಗೇನು ಅಂತ," ಎಂದಳು. ಆಮೇಲೆ ನಕ್ಕಳು. "ನಾನು ಹೇಳಿದೆ, ಹಾಲು ತರೋಕೆ ಬೇರೆ ಕ್ಷೇತ್ರಕ್ಕೆ ಹೋಗಬೇಕಾಗುತ್ತೆ ನೋಡಿ ಅಂತ."

ಇಬ್ಬರೂ ಸೇರಿ ಪ್ರತಿ-ಆಕ್ಷೇಪಣೆ ಬರೆದರು. ಈ ಸಲ ಪ್ರತಿಯೊಂದು ವಾಕ್ಯಕ್ಕೂ ಯಾರನ್ನು ಕೇಳಬೇಕೋ ಅವರನ್ನು ಕೇಳಿದರು. ಹರ್ಷಿಣಿ ಹಲಗೆ ಹೊಡೆದ ಮನೆಗಳ ಪಕ್ಕದ ಮನೆಗಳ ಬಾಗಿಲು ಬಡಿದಳು. ಮೆಲೆ ಕೀಟಿಂಗ್ ರೋಡಿನ ಗುಜರಾತಿ ಅಜ್ಜಿಯರ ಜೊತೆ ಕೂತು ಚಹಾ ಕುಡಿದಳು. ಉತ್ತರದ ಇಳಿಜಾರಿಗೂ ಹೋದರು. ಅಲ್ಲಿನ ಹೆಚ್ಚಿನವರು, ನಮಗೆ ಗುಡ್ಡದಾಚೆಯೇ ಅನುಕೂಲ ಎಂದರು. ವಾಸುದೇವರ ಮನೆಯ ಬಾಗಿಲನ್ನು ಮಾತ್ರ ಅವರು ಬಡಿಯಲಿಲ್ಲ.

ಸಂಘದಲ್ಲಿ ಹರ್ಷಿಣಿಯ ವಿಷಯ ಎರಡು ಮಾತಾಯಿತು. ಅವಳು ದ್ರೋಹ ಮಾಡಿದಳು ಎಂದವರೂ ಇದ್ದರು. ಆ ಶನಿವಾರ ಅವಳು ತಟ್ಟೆ ಹಿಡಿದು ನಿಂತಿದ್ದಾಗ ಪಕ್ಕಕ್ಕೆ ಬಂದು ನಿಂತವನು ಮಂಜುನಾಥ ಒಬ್ಬನೇ.

"ಮೇಡಂ, ಆವತ್ತು ಹೇಳ್ಬೇಕು ಅಂದ್ಕೊಂಡೆ, ಬಾಯಿ ಬರಲಿಲ್ಲ," ಎಂದ. "ಅಂಗಡಿ ಒಡೆದ ದಿನ ಬೆಳಿಗ್ಗೆ ಗಾಜು ಗುಡಿಸೋಕೆ ಬಂದಿದ್ದು ಆ ಚರ್ಚಿನ ಹುಡುಗರು. ಬಾಗಿಲಿಗೆ ಪ್ಲೈವುಡ್ ಹೊಡೆದು ಕೊಟ್ಟು ಹೋದ್ರು. ಆಮೇಲೂ ಒಂದು ತಿಂಗಳು ಅಂಗಡಿ ಮುಚ್ಚೋ ಹೊತ್ತಿಗೆ ಯಾರಾದ್ರೂ ಒಬ್ಬರು ಬಂದು ನಿಂತ್ಕೊಳ್ಳೋರು. ನಮ್ಮೋರು ವಾಟ್ಸಾಪಲ್ಲಿ ಕೈ ಮುಗಿಯೋ ಚಿತ್ರ ಹಾಕಿದ್ರು."

ವಿಚಾರಣೆ ನಡೆದದ್ದು ನಗರದ ಸಭಾಭವನವೊಂದರಲ್ಲಿ. ಎದುರಿನ ಉದ್ದ ಮೇಜಿನ ಹಿಂದೆ ಆಯೋಗದ ಸದಸ್ಯರು, ಇತ್ತ ಕುರ್ಚಿಗಳಲ್ಲಿ ಹೇಳಿಕೊಳ್ಳಲು ಬಂದ ಜನ. ಗೋಡೆಯ ಮೇಲೆ ನಕ್ಷೆ ಮೂಡಿತ್ತು. ವಾಸುದೇವ್ ಕೋಟು ಹಾಕಿಕೊಂಡು ವಿವೇಕ್ ಮತ್ತು ಸಂಘದವರೊಡನೆ ಬಲಗಡೆ ಕೂತಿದ್ದರು. ಎಡಗಡೆ ಮೆಲೆ, ಹರ್ಷಿಣಿ, ಚರ್ಚಿನ ಹಿರಿಯರು. ಬಾಗಿಲು ಇನ್ನೊಮ್ಮೆ ತೆರೆಯಿತು. ಮಂಜುನಾಥ ಒಳಗೆ ಬಂದ. ಹಬ್ಬದ ದಿನವೂ ಅಂಗಡಿ ಮುಚ್ಚದವನು. ವಾಸುದೇವ್ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಫೈಲನ್ನು ಎತ್ತಿ ಜಾಗ ಮಾಡಿದರು. ಮಂಜುನಾಥ ಅವರಿಗೆ ತಲೆಬಾಗಿ ನಮಸ್ಕರಿಸಿ, ಹೋಗಿ ಮೆಲೆಯ ಸಾಲಿನಲ್ಲಿ ಕೂತ.

ಮೊದಲು ಮೆಲೆಯನ್ನು ಕರೆದರು. ಅವಳು ಹಳ್ಳದ ಮಾತಿನಿಂದ ಶುರುಮಾಡುತ್ತಾಳೆಂದು ಹರ್ಷಿಣಿ ತಿಳಿದಿದ್ದಳು. ಮೆಲೆ ಹಾಗೆ ಮಾಡಲಿಲ್ಲ.

"ಕೀಟಿಂಗ್ ರೋಡನ್ನು ಒಡೆಯಬೇಡಿ," ಎಂದಳು. "ಅದನ್ನು ಕನ್ನಡ ಸಂಘದವರು ತಮ್ಮ ಆಕ್ಷೇಪಣೆಯ ಮೊದಲರ್ಧದಲ್ಲಿ ಬರೆದಿದ್ದಾರೆ. ಅದು ಪೂರ್ತಿ ಸರಿ. ಅವರ ದೇವಸ್ಥಾನ, ಅಂಗಡಿ, ಮಕ್ಕಳ ತರಗತಿ ಎಲ್ಲ ಆ ರಸ್ತೆಯ ಎರಡೂ ಬದಿಗೆ ಹರಡಿವೆ. ಅವರ ಜನರಲ್ಲಿ ಒಬ್ಬರು ಸಂಸತ್ತಿಗೆ ಹೋಗಬೇಕೆಂದು ಅವರು ಆಸೆಪಡುವುದು ತಪ್ಪಲ್ಲ. ನಾವೂ ಅದನ್ನೇ ಆಸೆಪಟ್ಟವರು, ಅದಕ್ಕೆ ಎಷ್ಟು ಕಾಯಬೇಕು ಎಂಬುದು ನಮಗೆ ಗೊತ್ತು. ಅಲ್ಲಿನ ಅಂಗಡಿ ಒಡೆದ ದಿನ ನಮ್ಮ ಬೀದಿಯಲ್ಲೂ ಯಾರೂ ನೆಮ್ಮದಿಯಾಗಿರಲಿಲ್ಲ. ಅವರನ್ನು ಒಡೆದರೆ ನಾವೂ ಸಣ್ಣವರಾಗುತ್ತೇವೆ."

ತನಗೆ ಕೊಟ್ಟಿದ್ದ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವಳು ಭಾರತೀಯರಿಗಾಗಿ ಖರ್ಚು ಮಾಡಿದಳು. ಆಮೇಲೆ ಮಾತ್ರ ಹಳ್ಳ, ನೀರು, ಹಲಗೆ ಹೊಡೆದ ಕಿಟಕಿಗಳು. ನಂತರ ಹರ್ಷಿಣಿ ಎದ್ದು, ಜನರ ಓಡಾಟದ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದಳು. ನನ್ನ ಮೊದಲ ನಕ್ಷೆಯಲ್ಲಿ ತಪ್ಪಿತ್ತು, ಹಳ್ಳದವರ ಬಗ್ಗೆ ಬರೆದ ವಾಕ್ಯವನ್ನು ಅವರನ್ನು ಕೇಳದೆ ಬರೆದಿದ್ದೆ ಎಂದು ನೇರವಾಗಿ ಹೇಳಿದಳು.

"ಕನ್ನಡ ಸಂಘದ ಪರವಾಗಿ?" ಎಂದು ಆಯೋಗದ ಅಧ್ಯಕ್ಷೆ ಕೇಳಿದರು.

ವಾಸುದೇವ್ ಎದ್ದರು. ಫೈಲು ತೆರೆದು, ಬರೆದುಕೊಂಡು ಬಂದಿದ್ದ ಹಾಳೆಯನ್ನು ಮೈಕಿನ ಮುಂದೆ ಇಟ್ಟುಕೊಂಡರು. ಕನ್ನಡಕ ಹಾಕಿಕೊಂಡರು. ಮತ್ತೆ ತೆಗೆದರು. ಒಮ್ಮೆ ಮಂಜುನಾಥನ ಕಡೆ, ಒಮ್ಮೆ ಮೆಲೆಯ ಕಡೆ ನೋಡಿದರು. ವಿವೇಕ್, "ಅಂಕಲ್, ಶುರು ಮಾಡಿ," ಎಂದು ಪಿಸುಗುಟ್ಟಿದ.

"ನನ್ನ ಹೆಸರು ವಾಸುದೇವ್," ಎಂದರು ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ. "ನಮ್ಮ ಆಕ್ಷೇಪಣೆಯ ಮೊದಲರ್ಧವನ್ನು ನನಗಿಂತ ಚೆನ್ನಾಗಿ ಈ ಮಹಿಳೆ ಹೇಳಿದ್ದಾರೆ. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ. ಎರಡನೆಯ ಅರ್ಧವನ್ನು ಸಂಘ ಹಿಂತೆಗೆದುಕೊಳ್ಳುತ್ತದೆ."

ಬಲಗಡೆಯ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಅವರು ಕೈಯೆತ್ತಿ ಸುಮ್ಮನಿರಿಸಿದರು.

"ಇನ್ನೊಂದು ಮಾತು ದಾಖಲೆಗೆ ಹೋಗಲಿ. ನಾನು ಉತ್ತರದ ಇಳಿಜಾರಿನ ನಿವಾಸಿ. ಇವರ ನಕ್ಷೆಯ ಪ್ರಕಾರ ನನ್ನ ಮನೆ ಹೊರಗೆ ಹೋಗುತ್ತದೆ. ನನ್ನ ಮಕ್ಕಳು ಓದಿದ್ದು ಗುಡ್ಡದಾಚೆ, ನನ್ನ ಡಾಕ್ಟರು ಗುಡ್ಡದಾಚೆ. ಕೆಳಗೆ ನಾನು ಬರುವುದು ದೇವರಿಗೆ ಮತ್ತು ದೋಸೆಗೆ. ಅವೆರಡಕ್ಕೂ ಓಟು ಬೇಕಿಲ್ಲ. ಹೊರಗೆ ಹೋಗುವವರನ್ನು ಯಾರೂ ಕೇಳಲಿಲ್ಲ ಎಂದು ನಾಳೆ ಯಾರೂ ಹೇಳಬಾರದು. 'ನನ್ನನ್ನು ಕೇಳಿದ್ದಾರೆ, ನನಗೆ ಒಪ್ಪಿಗೆ ಇದೆ' ಎಂದು ಬರೆದುಕೊಳ್ಳಿ."

ಆಯೋಗದ ಅಧ್ಯಕ್ಷೆ ತಲೆ ಎತ್ತಿ ಅವರನ್ನು ನೋಡಿದರು. "ನಿಮ್ಮ ಹೆಸರನ್ನು ಸರಿಯಾಗಿ ಬರೆದುಕೊಂಡಿದ್ದೇನೆಯೇ, ವಾಸುದೇವ್ ಅವರೇ?" ಎಂದು ಕೇಳಿ, ಅಕ್ಷರ ಅಕ್ಷರವಾಗಿ ಓದಿ ಹೇಳಿದರು. ಸರಿಯಾಗಿತ್ತು.

ಕೆಲವು ವಾರಗಳ ನಂತರ ಅಂತಿಮ ನಕ್ಷೆ ಬಂತು. ಹರ್ಷಿಣಿ ಆಫೀಸಿನಲ್ಲಿದ್ದಳು, ಅದನ್ನು ದೊಡ್ಡದು ಮಾಡಿ, ಕೀಟಿಂಗ್ ರೋಡಿನುದ್ದಕ್ಕೂ ಕಣ್ಣಾಡಿಸಿದಳು. ಗೆರೆ ಇರಲಿಲ್ಲ. ಹಳ್ಳದ ದಂಡೆಗೂ ಇರಲಿಲ್ಲ. ಗೆರೆ ಇದ್ದದ್ದು ಉತ್ತರದ ಇಳಿಜಾರಿನ ಬುಡದಲ್ಲಿ, ಅವರು ಕೇಳಿದ ಜಾಗದಲ್ಲೇ. ಅವಳು ಕುರ್ಚಿಯಿಂದ ಎದ್ದು ನಿಂತಳು. ಪಕ್ಕದವರು ಏನಾಯಿತು ಎಂದು ಕೇಳಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

"ನೋಡಿದ್ಯಾ? ನಾನು ಹೊರಗೆ ಬಿದ್ದೆ ಕಣಮ್ಮ," ಎಂದರು ವಾಸುದೇವ್. ಅವರ ನಗು ಫೋನಿನಾಚೆಯ ಕೋಣೆಯನ್ನೆಲ್ಲ ತುಂಬುವಂತಿತ್ತು. "ನಿಮ್ಮ ಆಂಟಿ ಪಾಯಸ ಮಾಡ್ತಿದಾಳೆ. ಆ ಮೆಲೆಯನ್ನೂ ಕರ್ಕೊಂಡು ಬಾ. ಮೊದಲು ಅವರನ್ನ ಕೇಳು, ಏಲಕ್ಕಿ ತಿಂತಾರಾ ಅಂತ."

ಚುನಾವಣೆಯ ವರ್ಷ ಬಂದಾಗ ಅಭ್ಯರ್ಥಿಗಳ ಸಭೆಯನ್ನು ಶಾಲೆಯ ಅದೇ ಸಭಾಂಗಣದಲ್ಲಿ ಕರೆದರು. ಕನ್ನಡ ಸಂಘವೂ ಟೋಂಗನ್ ಚರ್ಚೂ ಸೇರಿ ಕರೆದದ್ದು. ಹಿಂದೆ ಇಂಥ ಸಭೆಗೆ ಒಂದಿಬ್ಬರು ಬಂದು ಕೈಬೀಸಿ ಹೋಗುತ್ತಿದ್ದರು. ಈ ಸಲ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದರು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಲ್ಲಿ ಓಟಿಲ್ಲದ ವಾಸುದೇವ್ ಬಾಗಿಲಲ್ಲಿ ನಿಂತು ಹಿರಿಯರಿಗೆ ಜಾಗ ಹುಡುಕಿಕೊಡುತ್ತಿದ್ದರು.

ಅಭ್ಯರ್ಥಿಯೊಬ್ಬರು ಎದ್ದು, ನಿಮ್ಮ ಸಮುದಾಯದ ಊಟ ನನಗೆ ಬಹಳ ಇಷ್ಟ ಎಂದು ಮಾತು ಆರಂಭಿಸಿದರು. ಜನ ಮರ್ಯಾದೆಗೆ ನಕ್ಕರು. ಆಮೇಲೆ ಪ್ರಶ್ನೆಗಳ ಸರದಿ.

ಮೊದಲ ಪ್ರಶ್ನೆ ಕೇಳಲು ಮೈಕು ಹಿಡಿದವನು ಡೈರಿಯ ಮಂಜುನಾಥ. ಅವನು ತನ್ನ ಅಂಗಡಿಯ ವಿಷಯ ಕೇಳುತ್ತಾನೆಂದು ಅಭ್ಯರ್ಥಿಗಳು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದರು.

"ಮೇಲಿನ ಬೀದಿಗಳ ನೀರು ಹಿಡಿಯೋ ಹೊಂಡ ಅರ್ಧಕ್ಕೆ ನಿಂತಿದೆ," ಎಂದ ಅವನು. "ಹಳ್ಳದ ದಂಡೆ ಮನೆಗಳು ಮುಂದಿನ ಮಳೆಯಲ್ಲಿ ಮತ್ತೆ ಮುಳುಗದ ಹಾಗೆ ನೀವು ಏನು ಮಾಡ್ತೀರಿ?"

ಚರ್ಚಿನವರ ಸಾಲಿನಲ್ಲಿ ಜೋರು ಚಪ್ಪಾಳೆ ಎದ್ದಿತು. ಅಭ್ಯರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಉತ್ತರ ಹುಡುಕುತ್ತಿರುವಾಗಲೇ ಮೈಕು ಮೆಲೆಯ ಕೈಗೆ ಹೋಯಿತು. ಅವಳು ಅದನ್ನು ಬಾಯಿಯ ಹತ್ತಿರ ಹಿಡಿಯಲೇ ಇಲ್ಲ. ಅವಳ ದನಿಗೆ ಅದು ಬೇಕಿರಲಿಲ್ಲ.

"ನನ್ನದು ಎರಡನೆಯ ಪ್ರಶ್ನೆ. ಕೀಟಿಂಗ್ ರೋಡಿನ ಅಂಗಡಿಗಳವರು ಸಂಜೆ ಬಾಗಿಲು ತೆರೆದಿಡಲು ಹೆದರುತ್ತಾರೆ. ಅದಕ್ಕೆ ಏನು ಮಾಡುತ್ತೀರಿ?"

ಈಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹರ್ಷಿಣಿ ಕೈಗಳು ಉರಿಯುವಷ್ಟು ತಟ್ಟಿದಳು. ಊಟ ಇಷ್ಟ ಎಂದಿದ್ದ ಅಭ್ಯರ್ಥಿ ತಮ್ಮ ಭಾಷಣದ ಹಾಳೆಯನ್ನು ಮಗುಚಿ, ಜೇಬಿನಿಂದ ಪೆನ್ನು ತೆಗೆದು, "ಎರಡನ್ನೂ ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ," ಎಂದರು.